ಯಂತ್ರದೊಳಗಣ ಯಂತ್ರ

ಮಾನ್ವಿ ತಾಲ್ಲೂಕಿನ ಯಾವ ಹಿರಿಯ ರೈತನನ್ನು ಕೇಳಿದರೂ ಕಾಲುವೆಯ ನೀರಿನ ಕಥೆಯನ್ನು ಹೆಚ್ಚು ಕಡಿಮೆ ಒಂದೇ ಬಗೆಯಾಗಿ ಹೇಳುತ್ತಾನೆ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರು. ಅದು ಗಂಗಾವತಿ, ಸಿಂಧನೂರುಗಳ ಗದ್ದೆಗಳಿಗೆ ನೀರುಣಿಸಿ ಮಾನ್ವಿ, ರಾಯಚೂರುಗಳ ಕೊನೆಯಂಚನ್ನು ಮುಟ್ಟುವಷ್ಟರಲ್ಲಿ ಹರಿವು ಬಡವಾಗಿರುತ್ತದೆ. ಮುಖ್ಯ ಕಾಲುವೆಯಿಂದ ಉಪಕಾಲುವೆಗೆ, ಉಪಕಾಲುವೆಯಿಂದ ಹೊಲಗಾಲುವೆಗೆ, ಹೀಗೆ ನೀರು ಕೈಯಿಂದ ಕೈಗೆ ಬದಲಾಗುತ್ತ ಬರಬೇಕು. ಪ್ರತಿಯೊಂದು ತಿರುವಿನಲ್ಲಿಯೂ ಒಂದು ತೂಬು. ತೂಬನ್ನು ಎತ್ತಿ ಇಳಿಸಲು ಒಬ್ಬ ಸೌಡಿ. ಸೌಡಿಯಿಲ್ಲದೆ ಹಂಚಿಕೆ ನಡೆಯದು. ಆದರೆ ಅವನು ಬರುವವರೆಗೆ ಕಾಯದೆ ವಿಧಿಯಿಲ್ಲ. "ಮುಖ್ಯ ಕಾಲುವೆಯಿಂದಲೇ ನನ್ನ ಹೊಲಕ್ಕೊಂದು ತೂಬು ಇದ್ದಿದ್ದರೆ!" ಎಂದು ಕೊನೆಯಂಚಿನ ರೈತನು ಒಮ್ಮೆಯಾದರೂ ನಿಟ್ಟುಸಿರು ಬಿಟ್ಟಿರುತ್ತಾನೆ.

ಇಂಥದೇ ನಿಟ್ಟುಸಿರು ಗಣಕಯಂತ್ರಗಳ ಲೋಕದಲ್ಲಿಯೂ ಉಂಟು. ಅಲ್ಲಿ ಅದಕ್ಕೆ ಪರಿಹಾರವೂ ಉಂಟು. ಆ ಪರಿಹಾರಕ್ಕೆ ತೆರಬೇಕಾದ ಬೆಲೆಯೂ ಉಂಟು. ಅದನ್ನು ತಿಳಿಯಲು ಮೊದಲು ನಾವು ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ದೇವದುರ್ಗದ ರೈತನೊಬ್ಬ ಬೆಳೆಸಾಲಕ್ಕಾಗಿ ತನ್ನ ಹೊಲದ ಪಹಣಿಯನ್ನು ಪಡೆಯಲು ಬರುತ್ತಾನೆ ಎಂದಿಟ್ಟುಕೊಳ್ಳಿ. ಒಂದು ಕಾಲದಲ್ಲಿ ಪಹಣಿಗಳು ಗ್ರಾಮ ಲೆಕ್ಕಿಗರ ವಶದಲ್ಲಿ, ಕೈಬರಹದ ದಪ್ಪ ಪುಸ್ತಕಗಳಲ್ಲಿ ಇರುತ್ತಿದ್ದವು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆಯಿಂದಾಗಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಮೊದಲು ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕಿನ ಯಂತ್ರದಲ್ಲಿಯೇ ಇತ್ತು. ಅನಂತರ ಅವನ್ನೆಲ್ಲ ಬೆಂಗಳೂರಿನ ದತ್ತಾಂಶ ಕೇಂದ್ರದಲ್ಲಿ ಒಂದೆಡೆ ಸೇರಿಸಲಾಯಿತು. ಹೀಗಾಗಿ ದೇವದುರ್ಗದ ಕಿಟಕಿಯಲ್ಲಿ ಗುಮಾಸ್ತರು ಸರ್ವೆ ನಂಬರನ್ನು ಒತ್ತಿದಾಗ ಆ ಪ್ರಶ್ನೆ ನೂರಾರು ಕಿಲೋಮೀಟರು ಆಚೆಗೆ ಹೋಗಿ, ಉತ್ತರವನ್ನು ಹೊತ್ತುಕೊಂಡು ಮರಳಬೇಕು. ನಡುವಿನ ದಾರಿಯಲ್ಲಿ ಎಲ್ಲಿ ತಡೆಯಾದರೂ ಕಿಟಕಿಯ ಮುಂದಿನ ರೈತನಿಗೆ ಕಾಣುವುದು ಒಂದೇ: "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತು. ಕೂಲಿಯ ಒಂದು ದಿನ, ಬಸ್ಸಿನ ಚಾರ್ಜು, ಸಾಲದ ಕೊನೆಯ ತಾರೀಖು, ಇವೆಲ್ಲ ಆ ಒಂದು ಮಾತಿನಲ್ಲಿ ಕರಗಿಹೋಗುತ್ತವೆ.

ಈ ಸರ್ವರ್ ಎಂಬುದು ಪ್ರತಿಸಲವೂ ಒಂದು ಪ್ರತ್ಯೇಕ ಪೆಟ್ಟಿಗೆಯಾಗಿ ಇರಬೇಕಾಗಿಲ್ಲ. ಇಂದಿನ ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಒಂದೇ ಕಬ್ಬಿಣದ ಪೆಟ್ಟಿಗೆಯೊಳಗೆ ಹತ್ತಾರು ಗಣಕಯಂತ್ರಗಳು 'ಇರುತ್ತವೆ'. ಅವು ಕೈಗೆ ಸಿಕ್ಕುವ ಯಂತ್ರಗಳಲ್ಲ. ಒಂದು ತಂತ್ರಾಂಶವು ಕಲ್ಪಿಸಿ ನಿಲ್ಲಿಸಿದ ಯಂತ್ರಗಳು. ಇಂಥ ಕಲ್ಪಿತ ಯಂತ್ರಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು. ಅವುಗಳನ್ನು ಕಲ್ಪಿಸಿ, ಅವುಗಳ ನಡುವೆ ಜಗಳವಾಗದಂತೆ ನೋಡಿಕೊಳ್ಳುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಹೈಪರ್‌ವೈಸರನ್ನು ಹೊತ್ತ ನಿಜವಾದ ಯಂತ್ರವನ್ನು ಈ ಪಾಠದಲ್ಲಿ ಯಜಮಾನ ಯಂತ್ರವೆಂದೂ, ಅದರೊಳಗೆ ಬಾಳುವ ಕಲ್ಪಿತ ಯಂತ್ರವನ್ನು ಅತಿಥಿ ಯಂತ್ರವೆಂದೂ ಕರೆಯೋಣ. ನಮ್ಮ ಕಡೆಯ ಹಳೆಯ ವಾಡೆಗಳನ್ನು ನೀವು ನೋಡಿರಬಹುದು. ಹೊರಗಿನಿಂದ ಒಂದೇ ಗೋಡೆ, ಒಂದೇ ದೊಡ್ಡ ಬಾಗಿಲು. ಒಳಗೆ ನಾಲ್ಕು ಒಲೆ, ನಾಲ್ಕು ಸಂಸಾರ. ಅತಿಥಿ ಯಂತ್ರಗಳ ಬಾಳು ಹೆಚ್ಚು ಕಡಿಮೆ ಹಾಗೆಯೇ. ಆದರೆ ಒಂದು ವ್ಯತ್ಯಾಸವುಂಟು: ವಾಡೆಯ ಸಂಸಾರಗಳಿಗೆ ತಾವು ಒಂದೇ ಸೂರಿನ ಕೆಳಗಿರುವುದು ತಿಳಿದಿರುತ್ತದೆ. ಅತಿಥಿ ಯಂತ್ರವೋ, ಇಡೀ ವಾಡೆ ತನ್ನದೊಂದರದೇ ಎಂದು ನಂಬಿಕೊಂಡಿರುತ್ತದೆ.

ಇದು ನಿನ್ನೆ ಮೊನ್ನೆಯ ವಿದ್ಯೆಯೇನೂ ಅಲ್ಲ. 1960ರ ದಶಕದ ನಡುಭಾಗದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ಊರಿನಲ್ಲಿ ಐಬಿಎಂ ಸಂಸ್ಥೆಯ ತಂತ್ರಜ್ಞರು ಇದನ್ನು ಸಾಧಿಸಿದರು. 1972ರಲ್ಲಿ ವಿಎಂ/370 ಎಂಬ ಹೆಸರಿನಿಂದ ಅದು ಬಳಕೆದಾರರ ಕೈಸೇರಿತು. ಒಂದು ಸಾಧನವನ್ನು ಒಂದೇ ಅತಿಥಿ ಯಂತ್ರಕ್ಕೆ ಮೀಸಲಾಗಿ ಬಿಟ್ಟುಕೊಡುವ ಏರ್ಪಾಡು ಅದರಲ್ಲಿ ಆಗಲೇ ಇತ್ತೆಂಬುದು ಗಮನಾರ್ಹ. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು, ಎಂಥ ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ಕಲ್ಪಿಸಲು ಸಾಧ್ಯ ಎಂಬುದಕ್ಕೆ ನಿಯಮಗಳನ್ನು ಹೇಳಿದರು. ಮೇಜಿನ ಮೇಲಿನ ಸಣ್ಣ ಯಂತ್ರಗಳ ಸಂಸ್ಕಾರಕಗಳು ಬಹುಕಾಲ ಆ ನಿಯಮಗಳಿಗೆ ಒಗ್ಗಲಿಲ್ಲ. 1999ರಲ್ಲಿ ವಿಎಂವೇರ್ ಸಂಸ್ಥೆ ಜಾಣ್ಮೆಯಿಂದ ಆ ಅಡ್ಡಿಯನ್ನು ಬಳಸಿಕೊಂಡು ಹೋಯಿತು. 2005-06ರಲ್ಲಿ ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳು ಸಂಸ್ಕಾರಕವನ್ನೇ ತಿದ್ದಿದವು. 2007ರಿಂದ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯ ಒಡಲಿನಲ್ಲಿಯೇ, ಕೆವಿಎಂ ಎಂಬ ಹೆಸರಿನಲ್ಲಿ, ಈ ಸೌಕರ್ಯ ದೊರೆಯತೊಡಗಿತು.

ಇನ್ನು ನೆಟ್‌ವರ್ಕ್ ಕಾರ್ಡಿನ ವಿಚಾರ. ಗಣಕಯಂತ್ರಕ್ಕೂ ಹೊರಗಿನ ಜಾಲಕ್ಕೂ ನಡುವಿನ ತೂಬು ಎಂದರೆ ಈ ಕಾರ್ಡು. ಕೇಬಲ್ಲಿನಲ್ಲಿ ಸಮಾಚಾರವು ತುಂಡುತುಂಡಾಗಿ, ಒಂದೊಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ 1500 ಅಕ್ಷರಸ್ಥಾನಗಳನ್ನು ಮೀರದಂತೆ ಸಾಗುತ್ತದೆ. ಪ್ರತಿಯೊಂದು ಪೊಟ್ಟಣದ ಮೇಲೆಯೂ ತಲುಪಬೇಕಾದ ಕಾರ್ಡಿನ ವಿಳಾಸವಿರುತ್ತದೆ. ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಕೇಬಲ್ಲಿನಲ್ಲಿ ತುಂಬಿದ ಪೊಟ್ಟಣಗಳಾದರೆ ಸೆಕೆಂಡಿಗೆ ಸುಮಾರು 81 ಸಾವಿರ ಬರಬಹುದು; ಅತಿ ಚಿಕ್ಕ ಪೊಟ್ಟಣಗಳಾದರೆ 14 ಲಕ್ಷ 88 ಸಾವಿರದವರೆಗೂ ಬರಬಹುದು. ಈ ಸಂಖ್ಯೆಯನ್ನು ನೆನಪಿನಲ್ಲಿಡಿ.

ಕಾರ್ಡು ಒಂದೇ, ಅತಿಥಿ ಯಂತ್ರಗಳು ಹಲವು. ಹಾಗಾದರೆ ಅವೆಲ್ಲ ಹೊರಜಗತ್ತಿನೊಡನೆ ಮಾತನಾಡುವುದು ಹೇಗೆ? ಹಳೆಯ ಉಪಾಯವೆಂದರೆ ನಟನೆ. ಯಜಮಾನ ಯಂತ್ರವು ಪ್ರತಿಯೊಂದು ಅತಿಥಿಯ ಮುಂದೆಯೂ ತಾನೇ ಒಂದು ಕಾರ್ಡಿನ ವೇಷ ಹಾಕಿಕೊಂಡು ನಿಲ್ಲುತ್ತದೆ. ಅತಿಥಿಯು ಆ ವೇಷವನ್ನು ನಿಜವಾದ ಕಾರ್ಡೆಂದು ಬಗೆದು ಅದಕ್ಕೆ ಆಜ್ಞೆ ಕೊಡುತ್ತದೆ. ಕೊಟ್ಟಕೂಡಲೇ ಸಂಸ್ಕಾರಕವು ಅತಿಥಿಯನ್ನು ತಡೆದು ನಿಲ್ಲಿಸಿ ಯಜಮಾನನನ್ನು ಎಬ್ಬಿಸುತ್ತದೆ. ಯಜಮಾನನು ಆಜ್ಞೆಯನ್ನು ಓದಿ, ನಿಜವಾದ ಕಾರ್ಡಿನಿಂದ ಕೆಲಸ ಮಾಡಿಸಿ, ಅತಿಥಿಯನ್ನು ಮತ್ತೆ ನಡೆಯಗೊಡುತ್ತಾನೆ. ಸೌಡಿಯು ಪ್ರತಿ ಕೊಡ ನೀರಿಗೂ ತೂಬಿನ ಬಳಿಗೆ ನಡೆದು ಬಂದ ಹಾಗೆ! ದಿನಕ್ಕೆ ನೂರು ಸಲವಾದರೆ ಯಾರಿಗೂ ತಿಳಿಯದು. ಸೆಕೆಂಡಿಗೆ ಲಕ್ಷಗಟ್ಟಲೆ ಪೊಟ್ಟಣ ಬರುವಲ್ಲಿ ಇದು ಭಾರವಾಗುತ್ತದೆ.

ಇದಕ್ಕೊಂದು ನಡುದಾರಿಯನ್ನು ರಸ್ಟಿ ರಸೆಲ್ ಎಂಬ ಆಸ್ಟ್ರೇಲಿಯದ ತಂತ್ರಜ್ಞರು ರೂಪಿಸಿ 2008ರ ಲೇಖನವೊಂದರಲ್ಲಿ ವಿವರಿಸಿದರು. ಅದರ ಹೆಸರು ವರ್ಟಿಯೊ. ಇಲ್ಲಿ ವೇಷವಿಲ್ಲ. ತಾನು ಅತಿಥಿ ಎಂಬುದನ್ನು ಅತಿಥಿಯು ಬಲ್ಲುದು. ಇಬ್ಬರೂ ಸ್ಮೃತಿಯ ಒಂದು ಭಾಗವನ್ನು ಪಾಟಿಯಂತೆ ನಡುವೆ ಇಟ್ಟುಕೊಂಡು, ಹಲವು ಪೊಟ್ಟಣಗಳ ಲೆಕ್ಕವನ್ನು ಒಮ್ಮೆಗೇ ಬರೆದು ಒಪ್ಪಿಸಿಕೊಳ್ಳುತ್ತಾರೆ. ಹೆಚ್ಚಿನ ಕಚೇರಿಗಳಿಗೂ ಶಾಲೆಗಳಿಗೂ ಇಷ್ಟು ಸಾಕು ಎಂಬುದು ನನ್ನ ಎಣಿಕೆ. ಸಾಕಾಗದವರೂ ಉಂಟು. ಅವರಿಗಾಗಿಯೇ ಮೂರನೆಯ ಉಪಾಯ: ಕಾರ್ಡನ್ನೇ ಅತಿಥಿಗೆ ಕೊಟ್ಟುಬಿಡುವುದು. ಇದನ್ನು ಪಾಸ್‌ಥ್ರೂ ಎನ್ನುತ್ತಾರೆ. ಯಜಮಾನ ಯಂತ್ರವು ಆ ಕಾರ್ಡಿನ ಮೇಲಿಂದ ತನ್ನ ಕೈಯನ್ನು ಎತ್ತುತ್ತದೆ. ಅತಿಥಿಯು ನಿಜವಾದ ಕಾರ್ಡನ್ನು ಕಂಡು, ಅದಕ್ಕೆ ತಕ್ಕ ಚಾಲಕ ತಂತ್ರಾಂಶವನ್ನು ತನ್ನಲ್ಲಿಯೇ ಹೂಡಿಕೊಂಡು, ಅದರೊಡನೆ ನೇರವಾಗಿ ವ್ಯವಹರಿಸುತ್ತದೆ. ಕೊನೆಯಂಚಿನ ರೈತನು ಬಯಸಿದ ನೇರ ತೂಬು ಇದೇ.

ಕೇಳಲು ಇದು ಸುಲಭ. ಆದರೆ ಇಲ್ಲೊಂದು ದೊಡ್ಡ ಅಪಾಯವಿತ್ತು. ಅದನ್ನು ನಿವಾರಿಸಿದ ಬಗೆಯೇ ಈ ಪಾಠದಲ್ಲಿ ನೀವು ನಿಧಾನವಾಗಿ ಓದಬೇಕಾದ ಭಾಗ.

ನೆಟ್‌ವರ್ಕ್ ಕಾರ್ಡು ಬಂದ ಪೊಟ್ಟಣವನ್ನು ಸಂಸ್ಕಾರಕದ ಕೈಗೆ ಕೊಟ್ಟು ಕಾಯುತ್ತ ಕೂಡುವುದಿಲ್ಲ. "ಸ್ಮೃತಿಯ ಇಂಥ ಮನೆಯಲ್ಲಿ ಇಡು" ಎಂದು ಮೊದಲೇ ಹೇಳಿಸಿಕೊಂಡು, ತಾನೇ ಹೋಗಿ ಅಲ್ಲಿ ಬರೆದುಬಿಡುತ್ತದೆ. ಸ್ಮೃತಿಯ ಮನೆಗಳಿಗೆ ಕ್ರಮಸಂಖ್ಯೆಗಳಿವೆ. ಪ್ರತಿಯೊಂದು ಅತಿಥಿ ಯಂತ್ರವೂ ತನ್ನ ಸ್ಮೃತಿ ಸೊನ್ನೆಯಿಂದ ಆರಂಭವಾಗುತ್ತದೆಂದು ಎಣಿಸಿಕೊಂಡಿರುತ್ತದೆ. ವಾಸ್ತವದಲ್ಲಿ ಅದರ ಪಾಲಿನ ಮನೆಗಳು ಪೆಟ್ಟಿಗೆಯ ಸ್ಮೃತಿಯಲ್ಲಿ ಬೇರೆಲ್ಲಿಯೋ ಚದುರಿಕೊಂಡಿರುತ್ತವೆ. ನಮ್ಮ ಪಹಣಿಯಲ್ಲಿಯೂ ಹೀಗೆಯೇ ಅಲ್ಲವೇ? ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಗೂ ಒಂದನೆಯ ಸರ್ವೆ ನಂಬರು ಇದೆ, ಪಕ್ಕದ ಹಳ್ಳಿಗೂ ಇದೆ. ಬರಿಯ "ಒಂದನೆಯ ನಂಬರಿನ ಹೊಲದಲ್ಲಿ ಗೊಬ್ಬರ ಇಳಿಸು" ಎಂದು ಎತ್ತಿನ ಬಂಡಿಯವನಿಗೆ ಹೇಳಿದರೆ ಅವನು ಯಾರ ಹೊಲದಲ್ಲಿ ಇಳಿಸಬೇಕು? ಅತಿಥಿಯಿಂದ ನೇರವಾಗಿ ಆಜ್ಞೆ ಪಡೆದ ಕಾರ್ಡಿನ ಪಾಡು ಅದೇ. ಅತಿಥಿಯು ತನ್ನ ಲೆಕ್ಕದ ನೂರನೆಯ ಮನೆಯನ್ನು ತೋರಿಸುತ್ತದೆ. ಕಾರ್ಡು ಹೋಗಿ ಪೆಟ್ಟಿಗೆಯ ನಿಜವಾದ ನೂರನೆಯ ಮನೆಯಲ್ಲಿ ಬರೆಯುತ್ತದೆ. ಅಲ್ಲಿ ಇನ್ನೊಂದು ಅತಿಥಿಯ ಲೆಕ್ಕಪತ್ರವಿರಬಹುದು, ಯಜಮಾನನ ಪ್ರಾಣವೇ ಇರಬಹುದು. ಅರಿಯದೆ ಬರೆದರೂ ಅನರ್ಥ. ಕೇಡು ಬಗೆದವನು ಬೇಕೆಂದೇ ಬರೆಸಿದರೆ ಕೇಳುವುದೇ ಬೇಡ.

ಈ ಅನರ್ಥವನ್ನು ತಡೆಯಲು ಸಾಧನಗಳಿಗೂ ಸ್ಮೃತಿಗೂ ನಡುವೆ ಒಂದು ಘಟಕವನ್ನು ಇರಿಸಲಾಯಿತು. ಅದರ ಹೆಸರು ಐಒಎಂಎಂಯು. ಇಂಟೆಲ್ ಸಂಸ್ಥೆ ತನ್ನದನ್ನು ವಿಟಿ-ಡಿ ಎಂದೂ, ಎಎಂಡಿ ಸಂಸ್ಥೆ ತನ್ನದನ್ನು ಎಎಂಡಿ-ವಿಐ ಎಂದೂ ಕರೆಯುತ್ತವೆ. ಈ ಘಟಕದ ಕೈಯಲ್ಲಿ ಒಂದು ರಿಜಿಸ್ಟರು ಇರುತ್ತದೆ. ಯಾವ ಕಾರ್ಡು ಯಾವ ಅತಿಥಿಗೆ ಸೇರಿದ್ದು, ಆ ಅತಿಥಿಯ ನೂರನೆಯ ಮನೆ ಎಂದರೆ ನಿಜವಾಗಿ ಎಷ್ಟನೆಯದು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಕಾರ್ಡು ಬರೆಯಲು ಹೊರಟಾಗಲೆಲ್ಲ ಈ ಘಟಕವು ಹಳ್ಳಿಯ ಹೆಸರನ್ನು ಸೇರಿಸಿ ಸರಿಯಾದ ಹೊಲಕ್ಕೆ ಕಳುಹಿಸುತ್ತದೆ. ರಿಜಿಸ್ಟರಿನಲ್ಲಿ ಇಲ್ಲದ ಹೊಲಕ್ಕೆ ಹೊರಟರೆ ತಡೆದು ನಿಲ್ಲಿಸುತ್ತದೆ. ಇದೆಲ್ಲ ತಂತ್ರಾಂಶದ ನಡುಪ್ರವೇಶವಿಲ್ಲದೆ ವಿದ್ಯುನ್ಮಂಡಲದಲ್ಲಿಯೇ ನಡೆಯುವುದರಿಂದ ಸಮಯ ವ್ಯರ್ಥವಾಗುವುದು ಅತ್ಯಲ್ಪ. 2012ರಲ್ಲಿ ಲಿನಕ್ಸಿಗೆ ಸೇರಿದ ವಿಎಫ್‌ಐಒ ಎಂಬ ಏರ್ಪಾಡು ಈ ಕಾವಲಿನ ಮೇಲೆಯೇ ನಿಂತಿದೆ. ಕಾವಲಿಲ್ಲದ ಕಡೆ ಅದು ಸಾಮಾನ್ಯವಾಗಿ ಕಾರ್ಡನ್ನು ಅತಿಥಿಯ ಕೈಗೆ ಕೊಡಲು ಒಪ್ಪುವುದಿಲ್ಲ.

ಪಹಣಿಯ ಹೋಲಿಕೆಯನ್ನು ಇನ್ನೂ ಒಂದು ಹೆಜ್ಜೆ ಮುಂದುವರಿಸಬಹುದು. ಅಣ್ಣತಮ್ಮಂದಿರ ಹೊಲ ಪೋಡಿಯಾಗದೆ ಒಂದೇ ಸರ್ವೆ ನಂಬರಿನಲ್ಲಿ ಜಂಟಿಯಾಗಿ ಉಳಿದಿದ್ದರೆ, ಒಬ್ಬನ ಪಾಲನ್ನು ಮಾತ್ರ ಪ್ರತ್ಯೇಕಿಸಿ ಕೊಡುವುದು ಎಷ್ಟು ತೊಡಕೆಂಬುದು ನಿಮ್ಮ ಮನೆಯ ಹಿರಿಯರಿಗೆ ಗೊತ್ತು. ಕೆಲವು ಯಂತ್ರಗಳಲ್ಲಿ ನೆಟ್‌ವರ್ಕ್ ಕಾರ್ಡು, ಪಕ್ಕದ ಇನ್ನೊಂದೆರಡು ಸಾಧನಗಳು ಹೀಗೆಯೇ ಪೋಡಿಯಾಗದೆ ಒಂದು ಗುಂಪಿನಲ್ಲಿ ಉಳಿದಿರುತ್ತವೆ. ಅವು ಒಂದರೊಡನೊಂದು ನಡೆಸುವ ವ್ಯವಹಾರ ಕಾವಲಿನ ಕಣ್ಣಿಗೆ ಬೀಳದೆ ಹೋಗಬಹುದು. ಆದ್ದರಿಂದ ಒಂದನ್ನು ಒಂದು ಅತಿಥಿಗೂ ಇನ್ನೊಂದನ್ನು ಬೇರೊಂದಕ್ಕೂ ಕೊಡುವಂತಿಲ್ಲ. ಪೆಟ್ಟಿಗೆಯನ್ನು ಕೊಳ್ಳುವಾಗ ಇದನ್ನು ವಿಚಾರಿಸದೆ, ಕೊಂಡು ತಂದ ಮೇಲೆ ಹಣೆ ಚಚ್ಚಿಕೊಂಡವರು ಅನೇಕರು.

ಕೊಟ್ಟ ಮೇಲೆ ಕೊಟ್ಟಂತೆಯೇ. ಅತಿಥಿಯ ವಶವಾದ ಕಾರ್ಡು ಯಜಮಾನನಿಗೆ ಕಾಣುವುದಿಲ್ಲ. ಉಳಿದ ಅತಿಥಿಗಳಿಗೂ ಅದು ಇಲ್ಲ. ಕಾರ್ಡು ಯಾವ ಗಳಿಗೆಯಲ್ಲಿ ಯಾವ ಮನೆಯಲ್ಲಿ ಬರೆಯುವುದೋ ತಿಳಿಯದಾದ್ದರಿಂದ ಆ ಅತಿಥಿಯ ಸ್ಮೃತಿಯನ್ನೆಲ್ಲ ಕದಲದಂತೆ ಕಟ್ಟಿಹಾಕಬೇಕಾಗುತ್ತದೆ. ಬಿಡುವಿನ ವೇಳೆಯಲ್ಲಿ ಅದನ್ನು ಇನ್ನೊಬ್ಬರಿಗೆ ಕಡ ಕೊಡುವಂತಿಲ್ಲ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕಲ್ಪಿತ ಯಂತ್ರದ ಮುಖ್ಯ ಅನುಕೂಲವೆಂದರೆ, ಅದು ಓಡುತ್ತಿರುವಾಗಲೇ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಎತ್ತಿ ಸಾಗಿಸಬಹುದು. ಕೆಟ್ಟ ಪೆಟ್ಟಿಗೆಯನ್ನು ರಿಪೇರಿ ಮಾಡುವ ತನಕ ಕಿಟಕಿಯ ಮುಂದಿನ ರೈತನಿಗೆ ಏನೂ ತಿಳಿಯದಂತೆ ಕೆಲಸ ನಡೆಸಬಹುದು. ನಿಜವಾದ ಕಾರ್ಡಿಗೆ ತನ್ನನ್ನು ಕಟ್ಟಿಕೊಂಡ ಅತಿಥಿಗೆ ಸಾಮಾನ್ಯವಾಗಿ ಈ ಅನುಕೂಲವಿಲ್ಲ.

ಇದರ ಬಿಸಿ ತಟ್ಟಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಸಂಗತಿಯನ್ನು ಇಲ್ಲಿ ಹೇಳಬೇಕು. ಅವನು ರಾಯಚೂರಿನ ಸಂಸ್ಥೆಯೊಂದರಲ್ಲಿ ಗಣಕಯಂತ್ರಗಳನ್ನು ನೋಡಿಕೊಳ್ಳುತ್ತಾನೆ. ಸಂಸ್ಥೆಗೆ ದೇವದುರ್ಗದಲ್ಲಿ ಒಂದು ಶಾಖೆಯುಂಟು. ಅಲ್ಲಿ ಒಂದೇ ಪೆಟ್ಟಿಗೆ; ಅದರೊಳಗೆ ಮೂರು ಅತಿಥಿಗಳು. ಒಂದು ಲೆಕ್ಕಪತ್ರಕ್ಕೆ, ಒಂದು ಕಡತಗಳಿಗೆ, ಇನ್ನೊಂದು ಹೊರಗಿನಿಂದ ಬಂದುದನ್ನೆಲ್ಲ ಸೋಸಿ ಒಳಗೆ ಬಿಡುವ ದ್ವಾರಪಾಲಕ. ಸಂಜೆಯ ಹೊತ್ತು ಕೆಲಸ ನಿಧಾನವಾಗುತ್ತಿದೆ ಎಂಬ ದೂರು ಬಂದಾಗ, ದ್ವಾರಪಾಲಕನಿಗೆ ಕಾರ್ಡನ್ನು ನೇರವಾಗಿ ಕೊಟ್ಟರೆ ಸರಿಹೋದೀತೆಂದು ಇವನು ಎಣಿಸಿದ. ಒಂದು ರಾತ್ರಿ ಒಂಬತ್ತರ ಸುಮಾರಿಗೆ ರಾಯಚೂರಿನ ತನ್ನ ಮನೆಯಲ್ಲಿ ಕುಳಿತೇ ಆ ಏರ್ಪಾಡನ್ನು ಮಾಡಿ, ಪೆಟ್ಟಿಗೆ ಮತ್ತೆ ಆರಂಭವಾಗಲೆಂದು ಆಜ್ಞೆಯಿತ್ತ. ಪರದೆ ಸ್ತಬ್ಧವಾಯಿತು. ಮತ್ತೆ ಮಾತಾಡಲಿಲ್ಲ.

ಆ ಪೆಟ್ಟಿಗೆಯಲ್ಲಿದ್ದುದು ಒಂದೇ ಕಾರ್ಡು. ಅದನ್ನು ಯಜಮಾನನು ಬಿಟ್ಟುಕೊಟ್ಟಿದ್ದ. ದ್ವಾರಪಾಲಕನಾದರೂ ಅದನ್ನು ಹಿಡಿದು ನಡೆಸಬೇಕಿತ್ತಷ್ಟೆ? ಆದರೆ ಅವನು ಅಂದಿನವರೆಗೆ ವರ್ಟಿಯೊ ಪಾಟಿಯಲ್ಲಿಯೇ ವ್ಯವಹರಿಸಿದವನು. ನಿಜವಾದ ಕಾರ್ಡಿಗೆ ಬೇಕಾದ ಚಾಲಕ ತಂತ್ರಾಂಶ ಅವನಲ್ಲಿ ಇರಲಿಲ್ಲ. ಹೀಗೆ ಕಾರ್ಡು ಇದ್ದೂ ಯಾರಿಗೂ ಇಲ್ಲದಂತಾಯಿತು. ಕೊನೆಯ ಬಸ್ಸು ಹೋಗಿತ್ತು. ಮರುದಿನ ಬೆಳಗಿನ ಬಸ್ಸಿಗೆ, ಮಾನಿಟರನ್ನು ಗೋಣಿಚೀಲದಲ್ಲಿ ಸುತ್ತಿ, ಕೀಲಿಮಣೆಯನ್ನು ಕಂಕುಳಲ್ಲಿರಿಸಿಕೊಂಡು ಅವನು ದೇವದುರ್ಗಕ್ಕೆ ಹೊರಟ. ಅವನು ತಲುಪಿ, ಪೆಟ್ಟಿಗೆಯ ಮುಂದೆ ಕುಳಿತು, ಬರೆದಿದ್ದ ಒಂದು ಸಾಲನ್ನು ಅಳಿಸುವುದರೊಳಗೆ ಹತ್ತೂವರೆಯಾಗಿತ್ತು. ಹಣ ಕಟ್ಟಲು ಹಳ್ಳಿಗಳಿಂದ ಬಂದವರು ಅಷ್ಟು ಹೊತ್ತೂ ಸಾಲಿನಲ್ಲಿ ನಿಂತಿದ್ದರು. "ನಾನೇ ಒಳಗಿಂದ ಅಗಳಿ ಹಾಕಿ, ಕಿಟಕಿಯಾಗಿಂದ ಹೊರಗ ಜಿಗಿದಂಗಾತು ನೋಡ್ರಿ ಸರ್" ಎಂದು ಅವನು ನನ್ನೆದುರು ನಕ್ಕ. "ನಿಂತವರ ಕಾಲಿನ ಲೆಕ್ಕ ಹಿಡಿದೆಯೇನಪ್ಪಾ?" ಎಂದು ನಾನು ಕೇಳಿದೆ. ನಗು ನಿಂತಿತು. ಹಳೆಯ ಮೇಷ್ಟರ ಚಾಳಿ, ಕೇಳದಿರಲಾಗಲಿಲ್ಲ.

ಅನಂತರ ಅವನು ಎರಡನೆಯ ಕಾರ್ಡೊಂದನ್ನು ಕೊಂಡು ಪೆಟ್ಟಿಗೆಯಲ್ಲಿ ಕೂರಿಸಿದ. ಮೊದಲಿನದು ಯಜಮಾನನ ಪಾಲಿಗೆ ಉಳಿಯಿತು. ಹೊಸದು ದ್ವಾರಪಾಲಕನಿಗೆ ಹೋಯಿತು, ಅದಕ್ಕೆ ಬೇಕಾದ ಚಾಲಕ ತಂತ್ರಾಂಶವನ್ನು ಮೊದಲೇ ಹೂಡಿದ ಮೇಲೆ. ಈಗ ಒಳಗಿನ ವ್ಯವಹಾರ ಚುರುಕಾಗಿದೆ. ಆದರೆ ಸಂಜೆಯ ನಿಧಾನ ಪೂರ್ತಿ ಹೋಗಲಿಲ್ಲ. ಅದರ ಬಹುಭಾಗ ಊರಿಗೆ ಬರುವ ತಂತಿಯಲ್ಲಿಯೇ ಇತ್ತೆಂಬುದು ಆಮೇಲೆ ಗೊತ್ತಾಯಿತು. ಮುಖ್ಯ ಕಾಲುವೆಯಲ್ಲಿಯೇ ನೀರು ಕಡಿಮೆಯಿದ್ದಾಗ ನೇರ ತೂಬು ಏನು ಮಾಡೀತು? ಅಳೆದು ನೋಡಿದ್ದರೆ ಮೊದಲೇ ತಿಳಿಯುತ್ತಿತ್ತು ಎಂದು ಅವನೇ ಒಪ್ಪಿಕೊಂಡ.

ದೊಡ್ಡ ಕೇಂದ್ರಗಳ ಕಷ್ಟ ಬೇರೆ ಬಗೆಯದು. ಅಲ್ಲಿ ವೇಗ ನಿಜವಾಗಿಯೂ ಬೇಕು. ಆದರೆ ಪ್ರತಿಯೊಂದು ಅತಿಥಿಗೂ ಒಂದೊಂದು ಕಾರ್ಡನ್ನು ಕೊಡಲು ಪೆಟ್ಟಿಗೆಯಲ್ಲಿ ಸ್ಥಳವೆಲ್ಲಿದೆ? ಇದಕ್ಕಾಗಿ 2007ರಲ್ಲಿ ಎಸ್‌ಆರ್-ಐಒವಿ ಎಂಬ ಕಟ್ಟಳೆ ರೂಪುಗೊಂಡಿತು. ಇದನ್ನು ಅನುಸರಿಸುವ ಕಾರ್ಡು ತಾನೊಂದೇ ಆಗಿದ್ದರೂ ಹತ್ತಾರು ಚಿಕ್ಕ ಕಾರ್ಡುಗಳಾಗಿ ಕಾಣಿಸಿಕೊಳ್ಳುತ್ತದೆ. ಅವುಗಳಲ್ಲಿ ಒಂದೊಂದನ್ನು ಒಂದೊಂದು ಅತಿಥಿಗೆ ನೇರವಾಗಿ ಕೊಡಬಹುದು. ಯಾವ ಪೊಟ್ಟಣ ಯಾರಿಗೆಂಬುದನ್ನು ಕಾರ್ಡಿನ ಒಳಗಿನ ವಿದ್ಯುನ್ಮಂಡಲವೇ ವಿಂಗಡಿಸುತ್ತದೆ. ಸೌಡಿಯ ಕೆಲಸ ತಪ್ಪಲಿಲ್ಲ. ಅವನು ತೂಬಿನೊಳಗೆ ಸೇರಿಕೊಂಡ, ಅಷ್ಟೆ. ಯಜಮಾನನ ಕೈಯಲ್ಲಿಯೂ ಒಂದು ಹಿಡಿ ಉಳಿಯುತ್ತದೆ: ಎಷ್ಟು ಪಾಲು ಮಾಡಬೇಕು, ಯಾವ ಪಾಲಿಗೆ ಎಷ್ಟು ವೇಗ ಎಂಬುದನ್ನು ಅವನೇ ಗೊತ್ತುಮಾಡಬಹುದು. ಅಗ್ಗದ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಈ ಸೌಕರ್ಯವಿರುವುದಿಲ್ಲ. ದೇವದುರ್ಗದ ಆ ಪೆಟ್ಟಿಗೆಯ ಎರಡು ಕಾರ್ಡುಗಳಲ್ಲಿಯೂ ಅದಿಲ್ಲ. ಅಲ್ಲಿ ಯಜಮಾನನ ಕಾರ್ಡಿನ ಕೇಬಲ್ಲಿಗೆ, ಶಾಖೆಯವರು ಗೊತ್ತಿಲ್ಲದೆ ಕಿತ್ತಾರೆಂದು, ಅವನು ಒಂದು ಕೆಂಪು ದಾರವನ್ನು ಕಟ್ಟಿ ಬಂದಿದ್ದಾನೆ.